ಬತ್ತಿದ ಹೊಳೆ, ಉಳಿದ ಮಡು

ತಿಳವಳ್ಳಿಯೆಂದೊಡನೆ ಸೇವುಣರ ಕಾಲದ ಶಾಂತೇಶ್ವರ ದೇವಾಲಯ ನೆನಪಿಗೆ ಬರುತ್ತದೆ. ಆದರೆ ಆ ಹಾನಗಲ್ಲ ನಾಡಿನ ಇತಿಹಾಸಕ್ಕೆ ಕಲ್ಲಿನಷ್ಟೇ ನೀರೂ ಸಾಕ್ಷಿ. ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟಿದ ವರದೆ ಬನವಾಸಿಯನ್ನು ಬಳಸಿ, ಈ ಸೀಮೆಯನ್ನು ಹಾಯ್ದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಮಳೆಗಾಲದಲ್ಲಿ ದಡ ಮೀರುವ ಹೊಳೆ ಬೇಸಗೆಯಲ್ಲಿ ಬರಿಯ ಮಡುಗಳ ಸಾಲಾಗಿಬಿಡುವುದುಂಟು.

ಆಗ ಗಾಳ ಹಾಕುವವನಿಗೆ ಸುಗ್ಗಿಯೆಂದು ಯಾರಾದರೂ ಭಾವಿಸಬಹುದು. ಹಾಗಲ್ಲ. ತಿಳಿನೀರಿನ ಮೇಲೆ ನೆರಳು ಬಿದ್ದರೂ ಮೀನು ಬೆದರುತ್ತದೆ. ದಪ್ಪ ದಾರ ಕಂಡರೆ ಎರೆಯನ್ನು ಮುಟ್ಟದು. ಕಾದ ನೀರಿನಲ್ಲಿ ಪ್ರಾಣವಾಯುವೂ ಕಡಿಮೆ. ಬಿಸಿಲೇರಿತೆಂದರೆ ಅದು ಆಳಕ್ಕಿಳಿದು ಸುಮ್ಮನಾಗುತ್ತದೆ. ನಸುಕಿನಲ್ಲೇ ಬಂದು, ದಡದಿಂದ ಹಿಂದೆ ಸರಿದು, ತೆಳುದಾರ ಬಿಟ್ಟು ಕಾಯಬೇಕು.

ಮೀನು ಹಿಡಿಯುವುದನ್ನು ಒಂದು ವಿದ್ಯೆಯೆಂದೇ ಬಗೆದು ಬರೆದಿಟ್ಟವನು ಕನ್ನಡನಾಡಿನ ಅರಸನೇ. ಹಾನಗಲ್ಲ ಕದಂಬರು ಸಾಮಂತರಾಗಿದ್ದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು (ಕ್ರಿ. ಶ. ೧೧೨೬–೧೧೩೮) ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಚಿಪ್ಪುಳ್ಳ ಮೀನು, ಚಿಪ್ಪಿಲ್ಲದ ಮೀನು, ಅವಕ್ಕೆ ಹಾಕುವ ಆಹಾರ, ಗಾಳ, ಹುರಿ ಎಲ್ಲವೂ ಅಲ್ಲುಂಟು. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಅದನ್ನು ವಿದ್ವಾಂಸರ ಗಮನಕ್ಕೆ ತಂದರು.

ಅರಸನದು ವಿನೋದ, ಬೆಸ್ತರದು ಹೊಟ್ಟೆಪಾಡು. ಬೇಸಗೆಯ ಮಡುವಾದರೋ ಇಬ್ಬರಿಗೂ ಬೀಜದ ಕಣಜ. ಮುಂಗಾರಿನ ಹೊಸನೀರಿಗೆ ಮೊಟ್ಟೆಯಿಡಲು ಏರಿ ಹೋಗುವ ಮೀನು ಉಳಿದಿರುವುದು ಅಲ್ಲಿಯೇ. ೧೯೯೬ರಲ್ಲಿ ಶಿಶಿಲದ ಕಪಿಲಾ ನದಿಗೆ ವಿಷವಿಕ್ಕಿದಾಗ ಸಾವಿರಾರು ದೇವರ ಮೀನುಗಳು ಒಮ್ಮೆಗೇ ಸತ್ತವು. ಮಡುವನ್ನು ಬಳಿದು ಬರಿದುಮಾಡಿದವನಿಗೆ ಶ್ರಾವಣದಲ್ಲಿ ಹೊಳೆ ತುಂಬಿ ಹರಿದರೂ ಫಲವೇನು?