ಪುಣೆಯ ಬೆನೆ ಇಸ್ರೇಲಿ ಯಹೂದಿಗಳು

ಪುಣೆ ನಗರದ ಹಳೆಯ ಯಹೂದಿ ನೆಲೆಗಳಿದ್ದುದು ರಾಸ್ತಾ ಪೇಟೆ ಮತ್ತು ಕ್ಯಾಂಪ್‌ನಲ್ಲಿ. ಪೇಟೆಗಳ ಆಡಳಿತ ನಗರಸಭೆಯದು (1950ರಿಂದ ಮಹಾನಗರ ಪಾಲಿಕೆ), ಕ್ಯಾಂಪಿನದು ದಂಡು ಪ್ರದೇಶದ ಮಂಡಳಿಯದು. ಹಾಗಾಗಿ ಒಂದೇ ಸಮುದಾಯದ ಜನನ, ಮರಣ, ಮನೆ ತೆರಿಗೆಗಳ ಜಾಡು ಹಿಡಿಯುವವರು ಎರಡೂ ಕಚೇರಿಗಳ ಕಡತ ತಿರುವಬೇಕು.

ಪುಣೆಯ ಯಹೂದಿಗಳಲ್ಲಿ ಹೆಚ್ಚಿನವರು ಕೊಂಕಣ ಮೂಲದ ಬೆನೆ ಇಸ್ರೇಲಿಗಳು, ಮನೆಮಾತು ಮರಾಠಿ. ಪೇಣ್‌ನಿಂದ ಪೇಣಕರ, ರೋಹೆಯಿಂದ ರೋಹೆಕರ ಎಂಬಂತೆ ಊರೇ ಅಡ್ಡಹೆಸರು; ಹೆಸರನ್ನಷ್ಟೇ ನೋಡಿ ಯಹೂದಿ ಮನೆಯನ್ನು ಗುರುತಿಸುವುದು ಸುಲಭವಲ್ಲ. ಕೊಂಕಣದಲ್ಲಿ ಗಾಣ ಆಡಿಸುತ್ತಿದ್ದು, ಶನಿವಾರ ಬಿಡುವು ಮಾಡುತ್ತಿದ್ದುದರಿಂದ ಇವರಿಗೆ ‘ಶನಿವಾರ ತೇಲಿ’ಗಳೆಂದು ಹೆಸರಿತ್ತು. ಬ್ರಿಟಿಷರ ಕಾಲದಲ್ಲಿ ಸೈನ್ಯ, ರೈಲ್ವೆ, ಸರ್ಕಾರಿ ಕಚೇರಿಗಳ ಕೆಲಸ ಹಿಡಿದರು.

ಬಾಗ್ದಾದ್ ಮೂಲದ ವರ್ತಕ ಡೇವಿಡ್ ಸಸೂನ್ ಕ್ಯಾಂಪಿನಲ್ಲಿ ಕಟ್ಟಿಸಲು ತೊಡಗಿದ ಓಹೆಲ್ ಡೇವಿಡ್ ಸಿನಗಾಗ್ ಪೂರ್ಣಗೊಂಡದ್ದು 1867ರಲ್ಲಿ. ಆತ 1864ರಲ್ಲೇ ತೀರಿಕೊಂಡಿದ್ದ. ಕೆಂಪು ಇಟ್ಟಿಗೆಯ ಈ ಕಟ್ಟಡ ಊರವರ ಬಾಯಲ್ಲಿ ‘ಲಾಲ್ ದೇವಳ’. ಬೆನೆ ಇಸ್ರೇಲಿಗಳ ಸಿನಗಾಗ್ ಸುಕ್ಕತ್ ಶೆಲೊಮೊ ರಾಸ್ತಾ ಪೇಟೆಯಲ್ಲಿದೆ.

ಯಾವ ದಫ್ತರಿಗೂ ಸಿಗದ್ದು ಮಲಿದಾ: ಸಿಹಿ ಅವಲಕ್ಕಿಗೆ ತೆಂಗಿನ ತುರಿ ಬೆರೆಸಿ, ಸುತ್ತ ಹಣ್ಣು ಜೋಡಿಸಿ, ಎಲಿಯಾಹು ಪ್ರವಾದಿಯನ್ನು ನೆನೆದು ಹಂಚಿಕೊಳ್ಳುವ ಹರಕೆಯ ತಟ್ಟೆ. ಹಲವರು ಇಸ್ರೇಲಿಗೆ ವಲಸೆ ಹೋದ ಮೇಲೆ ಇಲ್ಲಿನ ಯಹೂದಿಗಳ ಸಂಖ್ಯೆ ಕುಗ್ಗಿತು. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ನೀಡಿತು.