ನಡುಕ ಇಳಿದರೆ ಸಾಲದು, ಹೆಜ್ಜೆಯನ್ನೂ ಅಳೆಯಬೇಕು

ಮಹಾರಾಷ್ಟ್ರದ ಜತ್ತ ತಾಲೂಕಿನ ಉಮದಿ, ಸಂಖ ಕಡೆಯ ಕನ್ನಡ ಊರುಗಳಲ್ಲಿ ಪಾರ್ಕಿನ್ಸನ್ ಗುಳಿಗೆ ಶುರುವಾದ ಹಿರಿಯರನ್ನು ಕಂಡವರು ಮೊದಲು ಕೇಳುವುದು, ‘ಕೈ ನಡಗೂದು ಕಡಿಮಿ ಆತೇನ್ರಿ?’ ಎಂದು. ಆದರೆ ಅವರನ್ನು ನೆಲಕ್ಕೆ ಕೆಡಹುವುದು ಕೈನಡುಕವಲ್ಲ. ಹೆಜ್ಜೆ ಗಿಡ್ಡವಾಗುತ್ತದೆ, ಹೊಸ್ತಿಲ ಬಳಿ ಕಾಲು ಅಂಟಿದಂತೆ ನಿಂತುಬಿಡುತ್ತದೆ, ತಿರುಗುವಾಗ ತೋಲ ತಪ್ಪುತ್ತದೆ. ಚಿಕಿತ್ಸೆಯಿಂದ ಇವೆಲ್ಲ ಎಷ್ಟು ಸುಧಾರಿಸಿದವೆಂದು ಹೇಳಲು ಅಳತೆ ಬೇಕು.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಆರು ರೋಗಿಗಳ ಬಗ್ಗೆ ಬರೆದ. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಷ್ಟೇ ಕಂಡಿದ್ದ. ಮುಂದಕ್ಕೆ ಬಾಗಿದ ಮೈ, ನಡಿಗೆ ಹೋಗಿ ಓಟವಾಗುವ ಪರಿ ಎಲ್ಲ ಅಲ್ಲಿವೆ, ಅಂಕಿ ಮಾತ್ರ ಇಲ್ಲ. ಅಂಕಿ ತಂದವನು ಪ್ಯಾರಿಸ್ಸಿನ ಜಿಲ್ ದ ಲಾ ಟುರೆಟ್, 1886ರಲ್ಲಿ. ರೋಗಿಗಳ ಅಂಗಾಲಿಗೆ ಕಬ್ಬಿಣದ ಕೆಂಪು ಪುಡಿ ಹಚ್ಚಿ, ಉದ್ದನೆಯ ಕಾಗದದ ಸುರುಳಿಯ ಮೇಲೆ ನಡೆಸಿದ. ಮೂಡಿದ ಗುರುತುಗಳಿಂದ ಹೆಜ್ಜೆಯ ಉದ್ದ, ಎರಡು ಪಾದಗಳ ನಡುವಿನ ಅಂತರ, ಪಾದ ಹೊರಳಿದ ಕೋನ ಎಲ್ಲವನ್ನೂ ಅಳೆದ. ನಡಿಗೆ ಅಳೆಯುವ ವಿದ್ಯೆಯ ಇತಿಹಾಸದಲ್ಲಿ ನನಗೆ ಅತಿ ಮೆಚ್ಚುಗೆಯಾದ ಘಟ್ಟ ಇದೇ. ಇಂದಿನ ಸೆನ್ಸರ್ ಚಾಪೆಯೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು.

ಆದರೆ ಗಟ್ಟಿ ಔಷಧವೇ ಇಲ್ಲದಾಗ ಈ ಅಂಕಿಗಳನ್ನು ಹೋಲಿಸುವುದು ಯಾವುದಕ್ಕೆ? ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ನಸುಗುನ್ನಿ ಬೀಜದಿಂದ ಈ ರೋಗದ ಇಂದಿನ ಮುಖ್ಯ ಔಷಧ ಲೆವೊಡೋಪಾ ಬೇರ್ಪಡಿಸಿದ್ದರು. ಅದು ರೋಗಿಗಳ ಕೈಗೆ ಸರಿಯಾಗಿ ದಕ್ಕಿದ್ದು 1967ರಲ್ಲಿ ಅಮೆರಿಕದ ವೈದ್ಯ ಕೊಟ್ಜಿಯಾಸ್ ಪ್ರಮಾಣ ಏರಿಸುತ್ತ ಕೊಟ್ಟು ನೋಡಿದ ಮೇಲೆ. ಅದೇ ವರ್ಷ ಹೋನ್ ಮತ್ತು ಯಾರ್ ಎಂಬ ವೈದ್ಯರು ರೋಗವನ್ನು ಐದು ಹಂತವಾಗಿ ವಿಂಗಡಿಸಿದರು. ತೋಲ ತಪ್ಪತೊಡಗಿದರೆ ಮೂರನೇ ಹಂತ. 1987ರ ಪಾರ್ಕಿನ್ಸನ್ ರೋಗದ ಏಕೀಕೃತ ಮಾಪಕದಲ್ಲಿ ವೈದ್ಯರು ಹಿಂದೆ ನಿಂತು ರೋಗಿಯ ಭುಜ ಜಗ್ಗಿ, ಸಾವರಿಸಿಕೊಳ್ಳುವ ಬಗೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಐದೇ ಅಂಕಗಳ ಜರಡಿಯಲ್ಲಿ ಸಣ್ಣ ಬದಲಾವಣೆ ಸೋರಿಹೋಗುತ್ತದೆ.

ತೊಂಬತ್ತರ ದಶಕದಲ್ಲಿ ಆಸ್ಟ್ರೇಲಿಯಾದ ಮೆಗ್ ಮಾರಿಸ್, ರಾಬರ್ಟ್ ಯಾನ್ಸೆಕ್ ಮೊದಲಾದವರು ಮೂಲ ತೊಡಕು ಹೆಜ್ಜೆಯ ಉದ್ದದಲ್ಲಿದೆ ಎಂದು ತೋರಿಸಿದರು. ನೆಲದ ಮೇಲೆ ಗೆರೆ ಎಳೆದುಕೊಟ್ಟರೆ ಅದೇ ರೋಗಿ ಉದ್ದ ಹೆಜ್ಜೆ ಇಡುತ್ತಿದ್ದ. ನಮ್ಮ ಕಡೆಯ ಫರಸಿ ಕಲ್ಲಿನ ಸಂದುಗಳೂ ಇದಕ್ಕೆ ಒದಗಿಯಾವು. ಲೆವೊಡೋಪಾದಿಂದ ಹೆಜ್ಜೆ ಉದ್ದವಾಗುತ್ತದೆ, ವೇಗ ಏರುತ್ತದೆ. ತೋಲಕ್ಕೆ ಮಾತ್ರ ಅಷ್ಟು ಲಾಭವಿಲ್ಲ. ಆದ್ದರಿಂದಲೇ ಇವೆರಡನ್ನೂ ಬೇರೆಬೇರೆ ಅಳೆಯಬೇಕು. ನಡಿಗೆ ಚುರುಕಾಗಿ ತೋಲ ಹಾಗೇ ಉಳಿದರೆ ಬೀಳುವ ಭಯ ಹೋಗುವುದಿಲ್ಲ.

ಗುಳಿಗೆ ಮುಟ್ಟದ ಈ ಭಾಗಕ್ಕೆ ವ್ಯಾಯಾಮ ನೆರವಾದೀತೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಣೇಶನ್, ಸತ್ಯಪ್ರಭಾ, ಗುಪ್ತಾ, ಪ್ರಮೋದ್ ಪಾಲ್ ಅವರ ತಂಡ 60 ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿತು. ಒಂದು ಗುಂಪಿಗೆ ಗುಳಿಗೆಯಷ್ಟೇ, ಇನ್ನೊಂದಕ್ಕೆ ಮಾಮೂಲಿ ನಡಿಗೆ ತರಬೇತಿ. ಮೂರನೆಯದಕ್ಕೆ ಮೈತೂಕದ ಶೇ. 20ರಷ್ಟನ್ನು ಪಟ್ಟಿಯಿಂದ ಮೇಲೆತ್ತಿ ಹಿಡಿದು, ಟ್ರೆಡ್‌ಮಿಲ್ ಮೇಲೆ ನಡಿಗೆ: ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ನಾಲ್ಕು ದಿನ, ನಾಲ್ಕು ವಾರ. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ತೋಲ ಹೆಚ್ಚು ಸುಧಾರಿಸಿದ್ದು ಈ ಮೂರನೆಯ ಗುಂಪಿನದು. ಅದು ಗೊತ್ತಾದದ್ದು, ಅಲುಗುವ ಹಲಗೆಯ ಯಂತ್ರ ಮತ್ತು 56 ಅಂಕಗಳ ಬರ್ಗ್ ಮಾಪಕದಿಂದ ತೋಲವನ್ನೇ ನೇರವಾಗಿ ಅಳೆದುದರಿಂದ.

2015ರಲ್ಲಿ ಅಮೆರಿಕದ ಎಂಪವರ್ ಅಧ್ಯಯನ ನಡಿಗೆ, ತೋಲದ ಅಳತೆಯನ್ನು ಮೊಬೈಲಿಗೆ ತಂದು, ಗುಳಿಗೆಯ ಮುಂಚೆ ಮತ್ತು ನಂತರದ ನಡಿಗೆಯನ್ನು ಮನೆಯಲ್ಲೇ ದಾಖಲಿಸಿತು. ಜತ್ತದಂಥ ತಾಲೂಕಿಗೆ ಅದಕ್ಕಿಂತ ಹತ್ತಿರದ್ದು 1991ರ ಪರೀಕ್ಷೆ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿದ ಸೆಕೆಂಡುಗಳು. ಮಿರಜಕ್ಕೋ ವಿಜಯಪುರಕ್ಕೋ ಬಸ್ಸಿನಲ್ಲಿ ಹೋಗಿ ವೈದ್ಯರ ಮುಂದೆ ನಿಲ್ಲುವ ಹೊತ್ತಿಗೆ ಗುಳಿಗೆಯ ಕಸುವು ಇಳಿದಿರಬಹುದು, ಇಲ್ಲವೇ ಆಗಷ್ಟೇ ಏರಿರಬಹುದು. ಹೀಗಾಗಿ ಮನೆಯವರೊಬ್ಬರು ಪಕ್ಕದಲ್ಲೇ ನಿಂತು ಈ ಪರೀಕ್ಷೆ ಮಾಡಿಸಿ, ಗುಳಿಗೆ ನುಂಗಿದ ಹೊತ್ತು, ಹಿಡಿದ ಸೆಕೆಂಡು, ಆ ವಾರ ಬಿದ್ದದ್ದೆಷ್ಟು ಸಲ, ಎಲ್ಲಿ ಎಂದು ವಹಿಯಲ್ಲಿ ಬರೆದಿಡುವುದು ಒಳ್ಳೆಯದು. ಭುಜ ಜಗ್ಗುವ ಪರೀಕ್ಷೆಯನ್ನು ಮಾತ್ರ ಮನೆಯಲ್ಲಿ ಮಾಡಬಾರದು, ಅದು ವೈದ್ಯರಿಗೇ ಇರಲಿ.