ಬಯಲುಸೀಮೆಯ ಮನೆಗೆ ತಂಪು: ನೀರಿನ ಲೆಕ್ಕ, ಕರೆಂಟಿನ ಲೆಕ್ಕ

ನೆಲಹಾಸಿನಡಿ ಬಿಸಿನೀರಿನ ಕೊಳವೆ ಎಳೆಯಬೇಕೋ ವಿದ್ಯುತ್ ತಂತಿ ಎಳೆಯಬೇಕೋ ಎಂಬುದು ಚಳಿದೇಶದ ಗೃಹಸ್ಥರ ಚರ್ಚೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಆ ಪ್ರಶ್ನೆ ತಿರುಗುಮುರುಗಾಗುತ್ತದೆ. ಮಾರ್ಚ್‌ನಿಂದ ಮೇ ತನಕ ಮನೆ ತಂಪಾಗಿಡಲು ನೀರಿನ ಕೂಲರ್ ಒಳ್ಳೆಯದೋ, ಏಸಿಯೋ? ಕೊಳ್ಳುವವರು ಬೆಲೆ ಮತ್ತು ಕರೆಂಟು ಬಿಲ್ಲು ಎರಡನ್ನೇ ನೋಡುತ್ತಾರೆ. ಆ ಲೆಕ್ಕದಲ್ಲಿ ಕೂಲರ್ ಗೆಲ್ಲುವುದು ಸಹಜ. ಆದರೆ ಇಲ್ಲಿ ಮೊದಲು ವಿಚಾರಿಸಬೇಕಾದದ್ದು ನೀರು ಎಲ್ಲಿಂದ ಬರುತ್ತದೆ ಎಂಬುದನ್ನು.

ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಹೀರುತ್ತದೆ. ಒಣಗಾಳಿಯಲ್ಲಿ ಗಂಟೆಗೆ 5 ಲೀಟರ್ ಆರಿಸುವ ಕೂಲರ್ 8 ಗಂಟೆ ಓಡಿದರೆ 40 ಲೀಟರ್ ನೀರು ಹೋಗುತ್ತದೆ, 27 ಯೂನಿಟ್ ಶಾಖ ಕಳೆಯುತ್ತದೆ. ಕೂಲರಿಗೆ ಕಿಟಕಿ ತೆರೆದಿರಲೇಬೇಕಾದ್ದರಿಂದ ಅರ್ಧ ತಂಪು ಹೊರಗೆ ಹೋಯಿತೆಂದು ಹಿಡಿಯೋಣ. ಉಳಿದರ್ಧಕ್ಕೆ, ಒಂದು ಯೂನಿಟ್ ಕರೆಂಟಿನಲ್ಲಿ ಮೂರು ಯೂನಿಟ್ ಶಾಖ ಹೊರಹಾಕುವ ಏಸಿಗೆ ನಾಲ್ಕೂವರೆ ಯೂನಿಟ್ ಸಾಕು. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ನಿಗದಿ ಮಾಡಿರುವುದೇ 55 ಲೀಟರ್; ಕೂಲರ್ ಅದರ ಮುಕ್ಕಾಲು ಪಾಲು ಕುಡಿಯುತ್ತದೆ. ಜಯಮಂಗಲಿ ಹರಿಯುವ ತಾಲ್ಲೂಕುಗಳಲ್ಲೂ ಬೇಸಿಗೆಗೆ ಕೊಳವೆಬಾವಿಯೇ ಗತಿ. ಪಾವಗಡದ ಅಂತರ್ಜಲದ ಫ್ಲೋರೈಡ್ ಎಲ್ಲರಿಗೂ ಗೊತ್ತು. ಗಡಸು ನೀರಿನ ಕಾಟ ಬೇರೆ. ಆವಿಯಾಗುವುದು ನೀರು ಮಾತ್ರ, ಉಪ್ಪೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಪ್ಯಾಡಿನ ಹುಲ್ಲಿನ ಮೇಲೆ ಬಿಳಿ ಪೊರೆ ಕಟ್ಟಿ, ನೀರು ಸುರಿಯುವ ತೂತುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಆ ಉಪ್ಪುನೀರನ್ನು ಆಗಾಗ ಚೆಲ್ಲಬೇಕು, ಅದೂ ಖರ್ಚೇ.

ಕರೆಂಟಿಗೂ ನೀರು ಬೇಕಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೇಂದ್ರದ 2015ರ ನಿಯಮವು ಹಳೆಯ ಕಲ್ಲಿದ್ದಲು ಸ್ಥಾವರಗಳಿಗೆ ಹಾಕಿದ ಮಿತಿ ಯೂನಿಟ್ಟಿಗೆ 3.5 ಲೀಟರ್. ಹಾಗಾದರೆ ನಮ್ಮ ನಾಲ್ಕೂವರೆ ಯೂನಿಟ್ಟಿಗೆ ಸುಮಾರು 16 ಲೀಟರ್, ಕೂಲರಿನ ಅರ್ಧಕ್ಕೂ ಕಡಿಮೆ. ಅದೂ ರಾಯಚೂರಿನಂಥ ಕಡೆ ನದಿಯಿಂದ ಎತ್ತಿದ ನೀರು, ಪಾವಗಡದ ಕೊಳವೆಬಾವಿಯದಲ್ಲ. ಮೇಲಾಗಿ ಏಸಿ ಬೇಕಾಗುವ ಮಧ್ಯಾಹ್ನವೇ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ 13,000 ಎಕರೆಯ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ದುಡಿಯುವ ಹೊತ್ತು. ರಾತ್ರಿಯಿಡೀ ಏಸಿ ಹಾಕುವವರಿಗೆ ಈ ರಿಯಾಯಿತಿ ಸಲ್ಲದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಏಸಿ ಎಷ್ಟು ಮನೆಗೆ ಎಟುಕುತ್ತದೆ? ಕರೆಂಟು ಹೋದರೆ ಇನ್‌ವರ್ಟರಿನ ಮೇಲೆ ಓಡುವುದು ಕೂಲರೇ. ಇದಕ್ಕೆ ಉತ್ತರ ತಾರಸಿಯಲ್ಲಿದೆ. 50 ಚದರ ಮೀಟರ್ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 4,000 ಉಳಿಯುತ್ತದೆ. ಮೂರು ತಿಂಗಳ ಕೂಲರಿಗೆ ಬೇಕಾದದ್ದು 3,600. ಸೆಪ್ಟೆಂಬರ್, ಅಕ್ಟೋಬರಿನ ಮಳೆಯನ್ನು ಮುಚ್ಚಿದ ಸಂಪಿನಲ್ಲಿ ಹಿಡಿದಿಟ್ಟರೆ ಬೇಸಿಗೆ ದಾಟುತ್ತದೆ, ಮಳೆನೀರು ಪ್ಯಾಡಿಗೆ ಉಪ್ಪನ್ನೂ ಕಟ್ಟುವುದಿಲ್ಲ. ಆದ್ದರಿಂದ ಮಳೆನೀರಿನ ಸಂಪಿರುವ ಮನೆಗೆ ಕೂಲರೇ ಸರಿ. ಕೊಳವೆಬಾವಿಯೊಂದನ್ನೇ ನಂಬಿದ ಮನೆಯವರು, ಶಕ್ತಿಯಿದ್ದರೆ, ತಾರಸಿಗೆ ಸುಣ್ಣ ಬಳಿದು ಒಂದೇ ಕೋಣೆಗೆ ಏಸಿ ಹಾಕಿಸುವುದು ಮೇಲು; ಶಕ್ತಿಯಿಲ್ಲದವರು ಕೂಲರಿಗಿಂತ ಮುಂಚೆ ಸಂಪು ಕಟ್ಟಿಸಲಿ.